ಸೊಸೆ ಬರುವ ಬಾಗಿಲು

ಬಸವಕಲ್ಯಾಣ
ದಿ. 18-7-2003

ಚಿ. ಸೌ. ವಿದ್ಯಾವತಿಗೆ ಮೀರಾಬಾಯಿಯ ಆಶೀರ್ವಾದ.

ಇಲ್ಲಿ ಮಳೆ ಹಿಡಿದು ಕೂತಿದೆ. ನಾವೂ ಮನೆಯೊಳಗೇ ಕೂತಿದ್ದೇವೆ, ಬಾಗಿಲು ಹೊರಗೆ ಬಿಡಬೇಕಲ್ಲ! ತಲೆಬಾಗಿಲಿನ ಎಡಗಡೆಯ ಕದ ಉಬ್ಬಿ ಕಲ್ಲಿನ ಹೊಸ್ತಿಲನ್ನು ಕಚ್ಚಿಕೊಂಡಿದೆ. ನಿನ್ನೆ ನಿನ್ನ ಭಾವನವರು ಹೊರಗಿನಿಂದ ಭುಜ ಕೊಟ್ಟು ನೂಕಿದರು, ನಾನು ಒಳಗಿನಿಂದ ಎಳೆದೆ. ಅದು ಒಮ್ಮೆಲೇ ತೆರೆದುಕೊಂಡು ಇಬ್ಬರೂ ಪಡಸಾಲೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದೆವು. ಎದುರುಮನೆಯ ಸರ್ದಾರಬಿ ನೋಡಿ, “ಏನ್ರಿ ಮೀರಾಬಾಯಿ, ಹೊಸಾ ಲಗ್ನ ಆದೋರಂಗ ಮಾಡಾಕತ್ತೀರಿ!” ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಈ ವಯಸ್ಸಿನಲ್ಲಿ ಇದೊಂದು ಬಾಕಿ ಇತ್ತು.

ಅದಕ್ಕೇ ಬರೆಯುತ್ತಿದ್ದೇನೆ. ನಮ್ಮಿಬ್ಬರ ಗಂಡಂದಿರು, ಅಣ್ಣ ತಮ್ಮ, ಬೇರೆಯಾದಾಗ ನಮ್ಮ ಪಾಲಿಗೆ ಈ ಮನೆ ಬಂತು, ನಿಮ್ಮ ಪಾಲಿಗೆ ಹುಮನಾಬಾದಿನ ಅಂಗಡಿ ಹೋಯಿತು. ಈಗ ಗುರುನಾಥ ಅಲ್ಲಿ ಬಾಗಿಲುಗಳನ್ನೇ ಮಾರುತ್ತಾನಂತೆ. ಹಾಗಾಗಿ ನನ್ನ ಬಾಗಿಲಿನ ರೋಗಕ್ಕೆ ನಿನ್ನ ಗಂಡನೇ ಡಾಕ್ಟರ್. ರಂದಾ ಹೊಡೆಸಿ ನುಣುಪು ಮಾಡಿಸಿದರೆ ಸಾಕೋ, ಬದಲಿಸುವ ಕಾಲವೇ ಬಂತೋ, ಕೇಳಿ ತಿಳಿಸು. ಬದಲಿಸುವುದು ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಇದು ನಮ್ಮ ಮಾವನವರ ಅಪ್ಪ ಮಾಡಿಸಿದ ಸಾಗವಾನಿ ಜೋಡಿ ಕದ. ನಾನು ಇದನ್ನು ನೋಡಿಕೊಂಡಷ್ಟು ನನ್ನ ಮೈಯನ್ನೂ ನೋಡಿಕೊಂಡಿಲ್ಲ. ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು, ಕದಗಳಿಗೂ ನೀರು ಹಾಕಿ ಉಜ್ಜಿ, ವಿಭೂತಿ ಹಚ್ಚಿದ ಮೇಲೆಯೇ ನನ್ನ ಚಹಾ.

ನಿನ್ನ ಮಗ ಬಸವಕುಮಾರನಿಗೆ ನಿರ್ಣಾದ ಹುಡುಗಿ ನೋಡಿದ್ದೀರಂತೆ, ಕಾಜಲ ಅಂತ ಹೆಸರಂತೆ. ನನಗೆ ಮೂರನೆಯವರಿಂದ ತಿಳಿಯಿತು, ಇರಲಿ. ಬೇರೆಯಾಗುವ ದಿನ ಅತ್ತೆ ಅಂಬುಬಾಯಿ ಹೇಳಿದ್ದು ನಿನಗೆ ನೆನಪಿರಬೇಕು: “ಒಲಿ ಎರಡಾಗ್ಲಿ, ಸೊಸಿ ಬರೂ ಬಾಗಿಲಾ ಒಂದ ಇರ್ಲಿ.” ಈ ಮನೆತನದ ಸೊಸೆ ಯಾರ ಮಗನ ಹೆಂಡತಿಯೇ ಆಗಲಿ, ಮೊದಲು ಈ ಹೊಸ್ತಿಲ ಮೇಲಿನ ಸೇರು ಒದ್ದು ಒಳಗೆ ಬಂದು, ಆಮೇಲೆ ತನ್ನ ಮನೆಗೆ ಹೋಗಬೇಕು. ಆ ದಿನದವರೆಗೆ ಬಾಗಿಲು ಗಟ್ಟಿಯಾಗಿ ನಿಂತಿರಬೇಕು. ನನ್ನ ಚಿಂತೆ ಅದೊಂದೇ.

ಇತಿ ನಿನ್ನ ಅಕ್ಕ,
ಮೀರಾಬಾಯಿ

*

ಮಾಣಿಕನಗರ, ಹುಮನಾಬಾದ
ದಿ. 6-8-2003

ಪೂಜ್ಯ ಅಕ್ಕನವರಿಗೆ ವಿದ್ಯಾವತಿಯ ಶರಣು.

ನಿಮ್ಮ ಪತ್ರ ಬಂದಾಗ ಪಂಚಮಿಯ ಉಂಡಿ ಕಟ್ಟುತ್ತಿದ್ದೆ, ಬೆಲ್ಲದ ಕೈಯಲ್ಲೇ ಓದಿದೆ. ಫೋನು ಮಾಡಬಹುದಿತ್ತು, ಆದರೆ ಅದು ಅಂಗಡಿಯಲ್ಲಿದೆ, ಸುತ್ತಲೂ ಗಿರಾಕಿಗಳು ಕಿವಿ ತೆರೆದುಕೊಂಡು ಕೂತಿರುತ್ತಾರೆ.

ನನ್ನ ಮಾತು ಕೇಳಿದರೆ ಬಾಗಿಲು ತೆಗೆಸಿಬಿಡಿ. ಇವರು ಗಿರಾಕಿಗಳಿಗೆ ಹೇಳುವುದನ್ನು ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ. ಬೆರಳ ಗೆಣ್ಣಿನಿಂದ ಬಡಿದರೆ ಡಬ್ ಡಬ್ ಅನ್ನುತ್ತದೆಯೇ? ಒಳಗೆ ಟೊಳ್ಳು. ಕದ ತೂಗುಹಾಕಿದ ಬಿಜಾಗರಿಯ ಸ್ಕ್ರೂ ಬಿಗಿದಷ್ಟೂ ಸುಮ್ಮನೆ ತಿರುಗುತ್ತದೆಯೇ? ಕಟ್ಟಿಗೆ ಹಿಡಿತ ಬಿಟ್ಟಿದೆ. ಬುಡಕ್ಕೆ ಉಗುರು ಒತ್ತಿದರೆ ಇಳಿಯುತ್ತದೆಯೇ? ಆಗಂತೂ ಮುಗಿಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು? ಅದು ಬೀಳುವ ಮುಂಚೆ ನೀವೇ ಇಳಿಸಿ.

ಈಗ ಎಲ್ಲರೂ ಫೈಬರ್ ಬಾಗಿಲು ಹಾಕಿಸುತ್ತಾರೆ. ಹೈದರಾಬಾದಿನಿಂದ ಬರುತ್ತವೆ. ಮೇಲೆ ಕಟ್ಟಿಗೆಯದೇ ಗೆರೆ, ಕಟ್ಟಿಗೆಯದೇ ಬಣ್ಣ, ಒಳಗೆ ಬೇರೆ ಏನೋ ತುಂಬಿರುತ್ತಾರೆ. ನೀರು ಕುಡಿಯುವುದಿಲ್ಲ, ಉಬ್ಬುವುದಿಲ್ಲ, ಗೆದ್ದಲು ಹತ್ತುವುದಿಲ್ಲ. ನಾನೊಬ್ಬಳೇ ಎತ್ತಿ ನಿಲ್ಲಿಸುತ್ತೇನೆ. ನಾವು ಇಲ್ಲೇ ಹತ್ತಿರ ಕಟ್ಟಿಸುತ್ತಿರುವ ಹೊಸ ಮನೆಗೂ ಅದನ್ನೇ ಹಾಕಿಸುತ್ತೇವೆ.

ಇನ್ನೊಂದು ಮಾತು. ಆ ಬಾಗಿಲೇ ಹೋದ ಮೇಲೆ ಅತ್ತೆಯವರ ಮಾತೂ ಅದರ ಜೊತೆಗೇ ಹೋದಂತೆ, ಅಲ್ಲವೇ? ಮದುಮಗಳನ್ನು ಬಿಸಿಲಲ್ಲಿ ಬಸವಕಲ್ಯಾಣಕ್ಕೆ ಒಯ್ದು, ಒಂದು ಸೇರು ಒದೆಸಿ, ಮತ್ತೆ ಹುಮನಾಬಾದಿಗೆ ತರುವುದು ಯಾವ ನ್ಯಾಯ? ಹುಡುಗಿ ನೇರ ತನ್ನ ಮನೆಗೇ ಬರಲಿ. ಇದರಲ್ಲಿ ನನ್ನ ಸ್ವಾರ್ಥ ಏನೂ ಇಲ್ಲ.

ನಿಮ್ಮ ತಂಗಿ,
ವಿದ್ಯಾವತಿ

*

ಬಸವಕಲ್ಯಾಣ
ದಿ. 21-8-2003

ಚಿ. ಸೌ. ವಿದ್ಯಾವತಿಗೆ ಆಶೀರ್ವಾದ.

ಸ್ವಾರ್ಥದ ಮಾತನ್ನು ಯಾರು ಎತ್ತಿದ್ದರಮ್ಮ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಡಾಕ್ಟರನ್ನು ಕೇಳಿದೆ, ಡಾಕ್ಟರ ಹೆಂಡತಿ ನಾಡಿ ಸಹ ಹಿಡಿಯದೆ ಹೆಣ ಎತ್ತಿ ಅಂದಳು. ಗುರುನಾಥನಿಗೆ ನನ್ನ ಪತ್ರ ತೋರಿಸಿದೆಯೋ, ಉಂಡಿಯ ಡಬ್ಬಿಯ ಕೆಳಗೆ ಇಟ್ಟೆಯೋ?

ಇಲ್ಲಿ ಬಡಿಗೇರ ಸೂರ್ಯಕಾಂತನಿಗೆ ತೋರಿಸಿದೆ. “ಸಾಗವಾನಿ ಅದರಿ ಇದು, ಇಷ್ಟ ಜಲ್ದಿ ಸಾಯಂಗಿಲ್ಲ. ಮಳಿ ಹೋಗ್ಲಿ, ನೋಡೂಣು” ಎಂದು ಹೋದ. ನನಗೆ ಅಷ್ಟೇ ಸಾಕು.

ನೀನು ಸುತ್ತಿ ಬಳಸಿ ಬರೆಯುತ್ತೀ, ನಾನು ನೇರವಾಗಿ ಬರೆಯುತ್ತೇನೆ. ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹೊಸ ಮನೆಗೆ ಅಲ್ಲ, ಅಂಗಡಿಗೂ ಅಲ್ಲ. ನಿನಗೆ ಮಗನಿದ್ದಾನೆ, ನನಗೆ ಬಾಗಿಲಿದೆ. ನನ್ನ ಮಗಳು ಪೂನಂ ಲಗ್ನವಾಗಿ ಈ ಬಾಗಿಲಿನಿಂದ ಭಾಲ್ಕಿಗೆ ಹೋದಳು. ಅವಳನ್ನು ಕಳಿಸಿ ಬಂದ ದಿನ ಕದ ಮುಂದೆ ಮಾಡಿದವಳು, ಇದರಿಂದ ನನಗಾಗಿ ಇನ್ನು ಯಾರೂ ಒಳಗೆ ಬರುವುದಿಲ್ಲ ಎಂದು ಹೊಸ್ತಿಲ ಮೇಲೆ ಕೂತು ಅತ್ತಿದ್ದೆ. ಒಂದು ಸಲ ಆರತಿ ಹಿಡಿದು ನಿಂತು ಒಬ್ಬ ಸೊಸೆಯನ್ನು ಮನೆ ತುಂಬಿಸಿಕೊಳ್ಳಬೇಕು ಎಂಬ ಆಸೆ ಇದೆ. ಆ ಹುಡುಗಿ ಸಂಜೆಗೆ ನಿನ್ನ ಮನೆಗೆ ಬರುತ್ತಾಳೆ, ಆಮೇಲೆ ಜನ್ಮವಿಡೀ ನಿನ್ನವಳೇ. ಅವಳ ಅರ್ಧ ದಿನ ನನಗೆ ಸಿಕ್ಕರೆ ನಿನ್ನ ಗಂಟೇನು ಹೋಗುತ್ತದೆ?

ಇತಿ,
ಮೀರಾಬಾಯಿ

*

ಮಾಣಿಕನಗರ
ದಿ. 2-11-2003

ಅಕ್ಕನವರಿಗೆ ಶರಣು.

ದೀಪಾವಳಿ ಮುಗಿಯಲಿ ಎಂದು ಕಾದೆ. ಅದಕ್ಕೂ ಮೊದಲು ಬರೆದಿದ್ದನ್ನೆಲ್ಲ ಹರಿದು ಹಾಕಿದೆ, ಅವು ಹಬ್ಬದ ದಿನ ಓದುವಂಥವಲ್ಲ.

ಅರ್ಧ ದಿನ ಅಂದಿರಿ. ಆ ಬಾಗಿಲಲ್ಲಿ ನನ್ನ ಅರ್ಧ ದಿನ ಹೇಗಿತ್ತೆಂದು ನೀವು ಮರೆತಿರಬಹುದು. ನಾನು ಮದುಮಗಳಾಗಿ ಬಂದು ನಿಂತಾಗ ನೀವು ಎರಡೂ ಕದಗಳಿಗೆ ಕೈ ಚಾಚಿ ಅಡ್ಡ ನಿಂತಿರಿ. ಒಡಪು ಹಾಕಿ ಗಂಡನ ಹೆಸರು ಹೇಳಿದರೆ ಬಿಡುತ್ತೇನೆ ಅಂದಿರಿ. “ಹಿತ್ತಾಳಿ ಕೊಡಕ ಹುಣಸಿಹಣ್ಣು, ಗುರುನಾಥರಾಯರಿಗೆ ನಾನೇ ಕಣ್ಣು” ಅಂದೆ. “ಕೇಳಸಲಿಲ್ಲ” ಅಂದಿರಿ. ಮತ್ತೆ ಹೇಳಿದೆ. “ಏನ ಧ್ವನಿನವಾ ಇದು, ಇಲಿಮರಿದೇನು?” ಅಂದಿರಿ, ಊರಿನ ಹೆಂಗಸರೆಲ್ಲ ನಕ್ಕರು. ಮೂರನೆಯ ಸಲ ಹೇಳುವಾಗ ನನಗೆ ಅಳು ಬಂದಿತ್ತು. ಶಾಸ್ತ್ರ ಅದು, ಚೇಷ್ಟೆ ಅದು, ಎಲ್ಲರೂ ಮಾಡುತ್ತಾರೆ, ನನಗೂ ಗೊತ್ತು. ಆದರೆ ನನ್ನ ಸೊಸೆ ಅಲ್ಲಿ ನಿಂತು ಅಳುವುದು ನನಗೆ ಬೇಡ. ಅವಳ ಮೊದಲ ಆರತಿ ನನ್ನ ಕೈಯದೇ ಆಗಬೇಕು. ನೀವು ನೇರವಾಗಿ ಬರೆದಿರಿ, ನಾನೂ ಬರೆದಿದ್ದೇನೆ. ನಿಮ್ಮ ಆ ಬಾಗಿಲ ಮೇಲೆ ನನಗೆ ಇಷ್ಟು ವರ್ಷವೂ ಹೊಟ್ಟೆ ಉರಿದಿದೆ.

ನಿಮ್ಮ ಪತ್ರ ಇವರ ಕೈಗೆ ಸಿಕ್ಕಿತು. ನನಗೆ ಬೈದರು. “ವೈನಿಗೆ ಯಾಕ ಹಂಗ ಬರದಿ? ಮಳಿಗಾಲದಾಗ ಉಬ್ಬೂದು ಕಟಗಿ ಧರ್ಮ. ಥಂಡಿ ದಿನದಾಗ ತಾನಾಗಿ ಇಳೀತಂದ್ರ ಅದಕ್ಕಿನ್ನಾ ಜೀವ ಐತಿ. ಇಳೀಲಿಲ್ಲಂದ್ರ ತೆಗೀಬೇಕು. ಜರಾ ತಡೀರಿ ಅಂತ ಬರಿ” ಅಂದರು. ಬರೆದಿದ್ದೇನೆ.

ಹಾಗಾದರೆ ಇಬ್ಬರೂ ಮಾತಿಗೆ ಕಟ್ಟುಬೀಳೋಣ. ಸಂಕ್ರಾಂತಿಯ ಹೊತ್ತಿಗೆ ಕದ ತಾನಾಗಿ ಇಳಿದು ಹೊಸ್ತಿಲು ಬಿಟ್ಟರೆ ಸೊಸೆ ಮೊದಲು ನಿಮ್ಮಲ್ಲಿಗೆ ಬರುತ್ತಾಳೆ, ನಾನು ತುಟಿ ಪಿಟಕ್ಕೆನ್ನುವುದಿಲ್ಲ. ಇಳಿಯದಿದ್ದರೆ ನೇರ ನನ್ನಲ್ಲಿಗೆ. ನಿರ್ಣಾದವರು ಒಪ್ಪಿದ್ದಾರೆ, ಲಗ್ನ ವೈಶಾಖದಲ್ಲಿ. ಈ ಸಲ ನಿಮಗೆ ನನ್ನಿಂದಲೇ ತಿಳಿಯಿತು, ನೋಡಿ.

ನಿಮ್ಮ,
ವಿದ್ಯಾವತಿ

*

ಬಸವಕಲ್ಯಾಣ
ದಿ. 19-1-2004

ಚಿ. ಸೌ. ವಿದ್ಯಾವತಿಗೆ ಆಶೀರ್ವಾದ.

ಜೊತೆಗೆ ಕುಸುರೆಳ್ಳು ಇಟ್ಟಿದ್ದೇನೆ. ತಿಂದು ಒಳ್ಳೆಯ ಮಾತಾಡು, ಈ ಪತ್ರ ಓದಿದ ಮೇಲೂ.

ಬಾಗಿಲು ಇಳಿದಿದೆ! ಒಂದೇ ಬೆರಳಿಗೆ ಬರುತ್ತದೆ. ನಿನ್ನ ಭಾವನವರು ಚಹಾದ ಕಪ್ಪು ಹಿಡಿದುಕೊಂಡೇ ಮೊಣಕೈಯಿಂದ ತೆರೆದು ಕಟ್ಟೆಗೆ ಹೋಗುತ್ತಾರೆ. ಹೊಸ್ತಿಲಿಗೂ ಕದಕ್ಕೂ ನಡುವೆ ಪತ್ರ ಹಾಕುವಷ್ಟು ಸಂದು ಬಿಟ್ಟಿದೆ. ಬೇಕಾದರೆ ಸರ್ದಾರಬಿಯನ್ನು ಕೇಳು, ಅವಳು ನನ್ನ ಪರವಾಗಿ ಸುಳ್ಳು ಹೇಳುವವಳಲ್ಲ, ಯಾರ ಪರವಾಗಿಯೂ ಹೇಳುವವಳಲ್ಲ.

ಸೇರನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಟ್ಟಿದ್ದೇನೆ. ಕಾಜಲಳಿಗೆ ಹಸಿರು ಸೀರೆ ತಂದಿದ್ದೇನೆ. ಫೋಟೋ ತೆಗೆಯುವವನಿಗೂ ಹೇಳಿಯಾಗಿದೆ. ಹುಡುಗಿಯನ್ನು ಅಳಿಸುವುದಿಲ್ಲ, ಆಣೆ. ಒಡಪನ್ನು ಒಂದೇ ಸಲ ಕೇಳುತ್ತೇನೆ, ಅವಳು ಪಿಸುಗುಟ್ಟಿದರೂ ಕೇಳಿಸಿತು ಅನ್ನುತ್ತೇನೆ. ನಿನಗೆ ಹಾಗೆ ಮಾಡಿದ್ದು ನನಗೆ ನೆನಪಿರಲಿಲ್ಲ. ಈಗ ನೆನಪಿದೆ.

ಇತಿ ನಿನ್ನ ಅಕ್ಕ,
ಮೀರಾಬಾಯಿ

*

ಮಾಣಿಕನಗರ
ದಿ. 11-2-2004

ಅಕ್ಕನವರಿಗೆ,

ಕುಸುರೆಳ್ಳು ತಿಂದೆ. ಒಳ್ಳೆಯ ಮಾತು ಬರುತ್ತಿಲ್ಲ.

ನಮ್ಮ ಚಿಕ್ಕತ್ತೆ ಸುಮನಬಾಯಿ ಎರಡೂ ಮನೆಗೆ ಎಡತಾಕುವವರು. ಮೊನ್ನೆ ಬಂದು ಕೂತವರು ಮಾತಿಗೆ ಮಾತು ಬಂದು, “ಮೀರಾ ಬಚ್ಚಲ ಒಲಿಗಿ ರಂದಾದ ಹೊಟ್ಟು ಹಾಕಾಕತ್ತಾಳ, ನೀರು ಗಮಗಮ ಅಂತಾವ” ಅಂದರು. ನಿಮ್ಮ ಮನೆಯಲ್ಲಿ ಹೊಸ ಪಲ್ಲಂಗ ಮಾಡಿಸಿದ ಸುದ್ದಿ ನಾನಂತೂ ಕೇಳಿಲ್ಲ. ರಂದಾ ಯಾವುದಕ್ಕೆ ಹೊಡೆಸಿದಿರಿ, ಅಕ್ಕ? ತಾನಾಗಿ ಇಳಿದರೆ ಎಂದು ಬರೆದಿದ್ದೆ. ಕೆತ್ತಿಸಿ ಇಳಿಸಿದ್ದನ್ನು ಇಳಿಯಿತು ಅಂದರೆ, ಹೀಗೆ ನಾನೂ ನನ್ನ ವಯಸ್ಸನ್ನು ಇಳಿಸಿಕೊಳ್ಳುತ್ತೇನೆ.

ಕಣ್ಣಾರೆ ನೋಡಿ ಬರಲಿ ಎಂದು ಇವರನ್ನು ಕಳಿಸಿದೆ. ನೀವು ಹೋಳಿಗೆ ಮಾಡಿ ಬಡಿಸಿದಿರಿ. ಬಂದವರನ್ನು ಬಾಗಿಲು ಹ್ಯಾಂಗೈತಿ ಅಂದರೆ “ಹೋಳಗಿ ಛಲೋ ಇತ್ತು” ಅಂದರು. ಮತ್ತೆ ಕೇಳಿದರೆ “ತುಪ್ಪನೂ ಛಲೋ ಇತ್ತು” ಅಂದರು. ನನ್ನ ಕೈಯ ಹೋಳಿಗೆಗೆ ಇವರು ಬಾಯಿ ಮುಚ್ಚಿದ್ದು ಈ ಜನ್ಮದಲ್ಲಿ ನೋಡಿಲ್ಲ. ಏನು ತುಂಬಿದ್ದಿರಿ ಅದರಲ್ಲಿ?

ನೀವೇ ಎದೆ ಮುಟ್ಟಿಕೊಂಡು ಬರೆಯಿರಿ. ಬಾಗಿಲು ಗಟ್ಟಿ ಇದೆಯೇ ಇಲ್ಲವೇ? ನೀವು ಬರೆದಿದ್ದನ್ನೇ ನಂಬುತ್ತೇನೆ, ಬೇರೆ ದಾರಿ ಇಲ್ಲ.

ವಿದ್ಯಾವತಿ

*

ಬಸವಕಲ್ಯಾಣ
ದಿ. 26-3-2004

ವಿದ್ಯಾ,

ಇಷ್ಟು ದಿನ ನಿನ್ನ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಸುಳ್ಳು ಬರೆಯಲು ಮನಸ್ಸಾಗಲಿಲ್ಲ, ನಿಜ ಬರೆಯಲೂ ಆಗಲಿಲ್ಲ. ಈಗ ಬಾಗಿಲೇ ಉತ್ತರ ಕೊಟ್ಟಿದೆ.

ಯುಗಾದಿಯ ದಿನ ಬೇವು ಮಾವು ಕಟ್ಟಲು ಸ್ಟೂಲ್ ಹತ್ತಿ ಎಡಗಡೆಯ ಕದ ಹಿಡಿದುಕೊಂಡೆ. ಮೇಲಿನ ಬಿಜಾಗರಿ ಸ್ಕ್ರೂ ಸಮೇತ ಕಿತ್ತು ಬಂತು. ನಿನ್ನ ಭಾವನವರು ಓಡಿ ಬಂದು ಭುಜ ಕೊಟ್ಟರು, ಇಲ್ಲದಿದ್ದರೆ ನಾನು ಅದರ ಕೆಳಗೆ ಬೀಳುತ್ತಿದ್ದೆ. ಇಳಿಸಿ ನೋಡಿದರೆ ಬುಡದ ಒಂದು ಗೇಣು ಕಟ್ಟಿಗೆ ನೆನೆದ ರೊಟ್ಟಿಯ ಹಾಗೆ ಕೈಗೆ ಬಂತು. ಬಲಗಡೆಯದೂ ಅಷ್ಟೇ.

ಗುರುನಾಥ ಬಂದಾಗಲೇ ಇದನ್ನು ನೋಡಿದ್ದ. ಅವನ ಮೇಲೆ ಸಿಟ್ಟಾಗಬೇಡ, ಲಗ್ನ ಮುಗಿಯುವವರೆಗೆ ಯಾರಿಗೂ ಹೇಳಬೇಡಪ್ಪ ಎಂದು ನಾನೇ ಕೈಮುಗಿದಿದ್ದೆ. ಅವನು ಬುಡಕ್ಕೆ ಒಂದು ಮೊಳೆ ಒತ್ತಿದ. ಸುತ್ತಿಗೆ ಇಲ್ಲದೆ ಪೂರ್ತಿ ಒಳಗೆ ಹೋಯಿತು. “ವೈನಿ, ಇದು ಮಳಿ ಕೆಡಸಿದ್ದಲ್ರಿ. ಮ್ಯಾಲ ಛತ್ತ ಐತಿ, ಮಳಿ ಹ್ಯಾಂಗ ಬಡೀತದ? ದಿನಾ ನೀರು ಸುರುವಿ ಸುರುವಿ ನೀವ ಕೊಳಸೀರಿ” ಅಂದ.

ಯಾಕೆ ಸುರಿದೆ ಎಂದು ಅವನಿಗೆ ಹೇಗೆ ಹೇಳಲಿ? ನಿನಗೆ ಹೇಳುತ್ತೇನೆ. ಮೊದಲು ಎಲ್ಲರ ಹಾಗೆ ಹೊಸ್ತಿಲಿಗೆ ಒಂದು ತಂಬಿಗೆ ನೀರು ಹಾಕುತ್ತಿದ್ದೆ. ನಿಮ್ಮ ಅಂಗಡಿ ಕೈ ಹತ್ತಿತು ಎಂದು ಸುದ್ದಿ ಬಂದ ದಿನ ಒಂದು ಕೊಡ ಸುರಿದೆ. ಬಸವಕುಮಾರ ಪಾಸಾದ ಅಂದರು, ಇನ್ನೊಂದು ಕೊಡ. ಮಾಣಿಕನಗರದಲ್ಲಿ ಜಾಗ ಹಿಡಿದಿರಿ ಅಂದಾಗ ಕದಗಳನ್ನು ಮೇಲಿನಿಂದ ಕೆಳಗೆ ತೋಯಿಸಿ ತೆಂಗಿನ ನಾರು ಹಾಕಿ ತಿಕ್ಕಿದೆ. ಇದು ನನ್ನ ಹತ್ತಿರ ಇದೆ, ಅವಳ ಹತ್ತಿರ ಇಲ್ಲ, ಎಂದು ಅಂದುಕೊಳ್ಳುತ್ತ ತಿಕ್ಕುತ್ತಿದ್ದೆ. ಓಣಿಯವರು ಮೀರಾಬಾಯಿಯ ಭಕ್ತಿ ನೋಡಿ ಅನ್ನುತ್ತಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ. ಅದು ಬರೀ ಹೊಟ್ಟೆಕಿಚ್ಚು, ವಿದ್ಯಾ. ಬಿಟ್ಟಿದ್ದರೆ ಇನ್ನೂ ಎರಡು ತಲೆಮಾರು ನಿಲ್ಲುತ್ತಿದ್ದ ಬಾಗಿಲನ್ನು ನಾನೇ ತೊಳೆದು ಕೊಂದೆ.

ಎರಡೂ ಕದಗಳನ್ನು ಹಿತ್ತಲಿಗೆ ಹಾಕಿದ್ದೇವೆ. ಚೌಕಟ್ಟಿಗೆ ಹಳೆಯ ಸೀರೆಯ ಪರದೆ ಕಟ್ಟಿದ್ದೇನೆ, ರಾತ್ರಿ ನಡುಮನೆಯ ಬಾಗಿಲು ಹಾಕಿಕೊಳ್ಳುತ್ತೇವೆ. ನೀನು ಗೆದ್ದೆ. ಸೊಸೆಯನ್ನು ನೇರ ನಿನ್ನ ಮನೆಗೇ ಕರೆದುಕೋ. ಲಗ್ನಕ್ಕೆ ನಿರ್ಣಾಕ್ಕೆ ಬರುತ್ತೇನೆ, ಅಕ್ಷತೆ ಹಾಕಿ ಅಲ್ಲಿಂದಲೇ ಹಿಂದಿರುಗುತ್ತೇನೆ. ಮಾಣಿಕನಗರಕ್ಕೆ ಕರೆಯಬೇಡ. ನೀನು ಆರತಿ ಹಿಡಿದು ನಿಂತಿರುವುದನ್ನು ನಾನು ನೋಡಲಾರೆ.

ಮೀರಾಬಾಯಿ

*

ಮಾಣಿಕನಗರ
ದಿ. 7-4-2004

ಪೂಜ್ಯ ಅಕ್ಕನವರಿಗೆ ಶರಣು.

ಗೆದ್ದ ಮೇಲೆ ಖುಷಿಯಾಗಬೇಕಿತ್ತು. ನಿಮ್ಮ ಪತ್ರ ಓದಿ ಊಟ ಸೇರಲಿಲ್ಲ. ಆದರೂ ಮಾತು ಮಾತೇ. ಸೊಸೆ ನನ್ನಲ್ಲಿಗೇ ಬರುತ್ತಾಳೆ.

ನಮ್ಮ ಬಾಗಿಲು ಬಂದು ಕೂತಿದೆ. ನಡುವೆ ನವಿಲು, ಸುತ್ತ ಬಳ್ಳಿ. ದೂರದಿಂದ ಸಾಗವಾನಿಯೇ ಅನ್ನಬೇಕು. ಹೊರಗಿನ ಕಟ್ಟೆಯಿಂದ ಒಳಗಿನ ಹಾಲಿನವರೆಗೆ ಒಂದೇ ಸಮ ಗ್ರಾನೈಟ್ ಹಾಕಿಸಿದ್ದೇವೆ, ಮುಖ ಕಾಣುತ್ತದೆ. ನಡುವೆ ಎಲ್ಲೂ ಕಾಲಿಗೆ ತಡೆಯುವುದಿಲ್ಲ. ಲ್ಯಾಚ್ ಇದೆ, ಹಿಂದೆ ದೂಡಿದರೆ ತಾನೇ ಹಾಕಿಕೊಳ್ಳುತ್ತದೆ.

ನಿಮಗೂ ಒಂದು ಜೋಡಿ ಕದ ಕಳಿಸುವುದಾಗಿ ಇವರು ಹೇಳಿದ್ದಾರೆ. ನಿಮ್ಮ ಹಳೆಯ ಚೌಕಟ್ಟಿನ ಅಳತೆಗೆ ಸಿದ್ಧ ಬಾಗಿಲು ಸಿಗುವುದಿಲ್ಲ, ಹೈದರಾಬಾದಿನಲ್ಲಿ ಬೇರೆಯಾಗಿ ಮಾಡಿಸಬೇಕು, ಲಗ್ನಕ್ಕಿಂತ ಮುಂಚೆ ಆಗುವುದಿಲ್ಲವಂತೆ. ಅದು ಕೇಳಿ ನನಗೆ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ. ನವಿಲಿನದು ನಿಮ್ಮ ಅಳತೆಗೆ ಬರುವುದಿಲ್ಲ, ಸಾದಾ ಇರುತ್ತದೆ. ಅದನ್ನು ನಾನು ಹೇಳಿ ಮಾಡಿಸಿದ್ದಲ್ಲ.

ಲಗ್ನದಲ್ಲಿ ಮುಂದಿನ ಸಾಲಿನಲ್ಲೇ ಕೂರಬೇಕು ನೀವು.

ನಿಮ್ಮ ತಂಗಿ,
ವಿದ್ಯಾವತಿ

*

ಬಸವಕಲ್ಯಾಣ
ದಿ. 24-5-2004

ಚಿ. ಸೌ. ವಿದ್ಯಾವತಿಗೆ ಅಕ್ಕನ ಆಶೀರ್ವಾದ.

ಲಗ್ನದಲ್ಲಿ ನೀನು ಚೆನ್ನಾಗಿ ಕಾಣುತ್ತಿದ್ದೆ. ಆಗ ಹೇಳಲು ಬಾಯಿ ಬರಲಿಲ್ಲ.

ಆಮೇಲೆ ನಿನ್ನ ಮನೆಯಲ್ಲಿ ನಡೆದಿದ್ದನ್ನು ಸುಮನಬಾಯಿ ಚಿಕ್ಕತ್ತೆ ಬಂದು ಅಭಿನಯ ಸಮೇತ ತೋರಿಸಿದರು. ಬಾಗಿಲಿಗೆ ಮೂರೇ ಕಡೆ ಚೌಕಟ್ಟಂತೆ! ಕೆಳಗೆ ಹೊಸ್ತಿಲೇ ಇಲ್ಲವಂತೆ! ಸೇರು ಎಲ್ಲಿಡಬೇಕು ಎಂದು ಹೆಂಗಸರೆಲ್ಲ ಬಗ್ಗಿ ಬಗ್ಗಿ ನೋಡಿದರಂತೆ. ಕಾಜಲ ಕಾಲೆತ್ತಿಕೊಂಡು, “ಯಾವುದು ದಾಟಲ್ರಿ ಅತ್ತಿ?” ಎಂದು ಕೇಳಿದಳಂತೆ. ಮೊದಲು ಲಟ್ಟಣಿಗೆ ಅಡ್ಡ ಇಟ್ಟಿರಿ, ಅದು ಉರುಳಿತು. ಆಮೇಲೆ ಮಣೆ ಇಟ್ಟಿರಿ. ಹುಡುಗಿ ಸೇರು ಮುಟ್ಟಿದ್ದೇ ತಡ, ಅದು ಗ್ರಾನೈಟಿನ ಮೇಲೆ ಜಾರಿಕೊಂಡು ಅಕ್ಕಿ ಚೆಲ್ಲದೆ ಶೋಕೇಸಿಗೆ ಹೋಗಿ ನಿಂತಿತಂತೆ. ನಾನು ನಕ್ಕಿದ್ದು ನಕ್ಕಿದ್ದೇ. ಇಷ್ಟು ಬಾಗಿಲು ಮಾರುವವರ ಮನೆಯಲ್ಲಿ ಹೊಸ್ತಿಲು ಯಾರಿಗೂ ನೆನಪಾಗಲಿಲ್ಲವೇ? ದೇವರು ದೊಡ್ಡವನು, ನಾನು ಆರತಿ ಹಿಡಿಯದಿದ್ದರೂ ನನ್ನನ್ನು ಮರೆಯಲಿಲ್ಲ.

ಈಗ ಹೊಟ್ಟೆ ಉರಿಸಿಕೊಳ್ಳುವ ಸರದಿ ನಿನ್ನದು. ಬಸವಕುಮಾರ ಅವಳನ್ನು ಬಸವಣ್ಣನ ಗುಡಿಗೆಂದು ಇಲ್ಲಿಗೆ ಕರೆತಂದನಲ್ಲ, ಬರುವ ಸುದ್ದಿ ನನಗೆ ಇರಲಿಲ್ಲ. ಸೇರು ಅಟ್ಟದ ಮೇಲಿತ್ತು, ಹಸಿರು ಸೀರೆ ಪೆಟ್ಟಿಗೆಯಲ್ಲಿ. ನಾನು ರೊಟ್ಟಿ ಬಡಿಯುತ್ತಿದ್ದೆ, ಕೈ ತುಂಬ ಹಿಟ್ಟು. ಬಡಿಯಲು ಕದವಿಲ್ಲ, ಯಾರೂ ಅಡ್ಡ ನಿಂತಿಲ್ಲ. ಆ ಹುಡುಗಿಗೆ ಎಲ್ಲಿ ನಿಲ್ಲಬೇಕೆಂದೇ ತಿಳಿಯಲಿಲ್ಲ. ಪರದೆ ಸರಿಸಿದಳು, ಪಡಸಾಲೆ ದಾಟಿದಳು, ಅಡಿಗೆಮನೆಗೇ ಬಂದು ನನ್ನ ಪಕ್ಕ ಕೂತು, “ದೊಡ್ಡತ್ತಿ, ಹಂಚಿನ ಮ್ಯಾಲಿಂದು ಕರ್ರಗಾಗಾಕತ್ತದ ನೋಡ್ರಿ” ಎಂದು ತಾನೇ ತಿರುವಿ ಹಾಕಿದಳು. ಅಷ್ಟೇ ನನ್ನ ಮನೆ ತುಂಬಿಸಿಕೊಳ್ಳುವ ಶಾಸ್ತ್ರ. ಬಸವಕುಮಾರ ಸಂಜೆ ಬಸ್ಸಿಗೆ ಹೋಗಿಬಿಟ್ಟ, ಅವಳು ಇನ್ನೂ ಇಲ್ಲೇ ಇದ್ದಾಳೆ. ನಿನ್ನ ಕೈಯ ಚಟ್ನಿಯನ್ನು ಹೊಗಳಿದಳು, ಆಗ ಮಾತ್ರ ನನಗೆ ಮೈ ಉರಿಯಿತು.

ಒಂದು ಮಾತು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಅವಳು ದೂರಲಿಲ್ಲ, ನಗುತ್ತ ಹೇಳಿದಳು. ಬಂದ ಹೊಸದರಲ್ಲಿ ಕಸ ಚೆಲ್ಲಲು ಹೊರಗೆ ಹೋದಾಗ ನಿಮ್ಮ ಬಾಗಿಲು ತಾನೇ ಹಾಕಿಕೊಂಡಿತಂತೆ. “ಅತ್ತಿ ಮಲಗಿದ್ರು, ಹೊಸಾಕಿ ನಾನು, ಹ್ಯಾಂಗ ಎಬ್ಬಸಲ್ರಿ?” ಅಂದಳು. ನೀನು ಎದ್ದು ಬರುವವರೆಗೆ ಬಿಸಿಲಲ್ಲಿ ಕಟ್ಟೆಯ ಮೇಲೆ ಕೂತಿದ್ದಳಂತೆ.

ನೀವು ಕಳಿಸಿದ ಫೈಬರ್ ಕದಗಳು ಟೆಂಪೋದಲ್ಲಿ ಬಂದು ಪಡಸಾಲೆಯ ಗೋಡೆಗೆ ನಿಂತಿವೆ. ಸಾದಾ ಆದರೂ ಚೆನ್ನಾಗಿವೆ. ಮಿರಗದ ಮಳೆ ಬರುವುದರೊಳಗೆ ಸೂರ್ಯಕಾಂತ ಕೂಡಿಸಿಕೊಡುತ್ತಾನೆ. ಸೊಸೆಯನ್ನು ಇನ್ನೆರಡು ದಿನ ಇಟ್ಟುಕೊಂಡು ಕಳಿಸುತ್ತೇನೆ.

ಇತಿ ನಿನ್ನ ಅಕ್ಕ,
ಮೀರಾಬಾಯಿ

*

ಮಾಣಿಕನಗರ
ದಿ. 2-6-2004

ಅಕ್ಕನವರಿಗೆ ವಿದ್ಯಾವತಿಯ ಶರಣು.

ಎರಡು ದಿನ ಎಂದು ಬರೆದಿದ್ದಿರಿ, ಅಂತೂ ನಿನ್ನೆ ಬಂದಳು. ಬಂದಾಗಿನಿಂದ ದೊಡ್ಡತ್ತೆಯ ಜಪ. ನಾನು ಪುಂಡಿಪಲ್ಯ ಮಾಡಿದರೆ, “ದೊಡ್ಡತ್ತಿ ಇದಕ್ಕ ಜರಾ ಶೇಂಗಾ ಹಾಕ್ತಾರ್ರಿ” ಅಂದಳು. ಹಾಕಿದೆ. ರುಚಿಯಾಯಿತು, ಅದೇ ಸಂಕಟ. ಇವರಂತೂ ಎರಡು ಸಲ ಬಡಿಸಿಕೊಂಡರು.

ಮೊದಲ ಆರತಿ ನನ್ನ ಕೈಯದೇ ಆಯಿತು. ಫೋಟೋದಲ್ಲೂ ಬಂದಿದೆ. ಆದರೆ ನನ್ನ ಮನೆಯಲ್ಲಿ ಅವಳು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗಲೂ “ಬರಲ್ರಿ ಅತ್ತಿ?” ಎಂದು ನಿಂತು ಕೇಳುತ್ತಾಳೆ. ನಿಮ್ಮ ಅಡಿಗೆಮನೆಗೆ ಕೇಳದೆ ನುಗ್ಗಿದಳಂತೆ. ನಾನು ಮಾಡಿದ್ದರಲ್ಲಿ ಏನು ಕಡಿಮೆಯಾಯಿತೋ ನನಗೆ ತಿಳಿಯುತ್ತಿಲ್ಲ.

ಲ್ಯಾಚಿನ ಸುದ್ದಿ ನನಗೆ ಗೊತ್ತೇ ಇರಲಿಲ್ಲ. ಎದ್ದು ಬಾಗಿಲು ತೆರೆದಾಗ ಕಟ್ಟೆಯ ಮೇಲೆ ಕೂತಿದ್ದಳು. ಗಾಳಿಗೆ ಕೂತಿದ್ದಾಳೆ ಅಂದುಕೊಂಡೆ. “ಬಿಸಿಲಾಗ ಯಾಕ ಕುಂತಿ, ಕರ್ರಗಾಗ್ತೀ” ಎಂದು ನಾನೇ ಬೈದೆ. “ಹೌದ್ರಿ” ಎಂದು ಒಳಗೆ ಬಂದಳು. ನಿಮ್ಮ ಪತ್ರ ಓದಿದ ದಿನವೇ ಲ್ಯಾಚ್ ತೆಗೆಸಿ ಸಾದಾ ಚಿಲಕ ಹಾಕಿಸಿದೆ.

ಈಗ ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚಿಲ್ಲ ಎಂದು ಬರೆದರೆ ನೀವು ನಂಬುವುದಿಲ್ಲ, ನಂಬಲೂ ಬೇಡಿ. ಆದರೆ ಅದಕ್ಕಿಂತ ಹೆಚ್ಚು ಆ ಹುಡುಗಿಯ ಮೇಲಿದೆ. ಬಸವಕಲ್ಯಾಣದ ಆ ಮನೆಯಲ್ಲಿ ನಾನು ಇಬ್ಬರು ಮಕ್ಕಳನ್ನು ಹೆತ್ತೆ, ಒಂದನ್ನು ಮಣ್ಣಿಗೆ ಕೊಟ್ಟೆ, ಬೇರೆಯಾದ ಮೇಲೂ ಬಂದು ಅತ್ತೆಯವರ ಬಾಯಿಗೆ ಕೊನೆಯ ನೀರು ಬಿಟ್ಟೆ. ಆಮೇಲೂ ಬಂದಾಗಲೆಲ್ಲ ಆ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದೆ, ನೀವು ಬಂದು “ಬಾ” ಅನ್ನುವವರೆಗೆ. ನೀವು ಯಾವಾಗಲೂ ಅಂದಿರಿ. ಆದರೆ ನಾನು ಯಾವಾಗಲೂ ನಿಂತೆ.

ಹುಮನಾಬಾದಿನಲ್ಲಿ ಮೋಡ ಕಟ್ಟಿದೆ. ಸೂರ್ಯಕಾಂತನಿಗೆ ಹೇಳಿ, ಸೋಮವಾರದವರೆಗೆ ಕದಗಳನ್ನು ಕೂಡಿಸದಿರಲಿ. ಭಾನುವಾರ ಬೆಳಗಿನ ಬಸ್ಸಿಗೆ ನಾನೊಬ್ಬಳೇ ಬರುತ್ತೇನೆ. ಕಾಲಿಗೆ ನೀರು ಬೇಡ, ಆರತಿ ಬೇಡ. ನೀವು ಅಡಿಗೆಮನೆಯಲ್ಲೇ ಇರಿ, ಅಕ್ಕ. ಎದ್ದು ಬರಬೇಡಿ.

ನಿಮ್ಮ ತಂಗಿ,
ವಿದ್ಯಾವತಿ